ಪರದೆಯ ಹಿಂದಿನ ಬಾಗಿಲು

ನನ್ನ ಮಾವನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಯೂನಿವರ್ಸಿಟಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಂದವರೆಲ್ಲ ಆ ಮೂಗಿಗೇ ಕೈ ಹಾಕಿದರೆ ಸಿಟ್ಟು ಅಲ್ಲಿರದೆ ಇನ್ನೆಲ್ಲಿರಬೇಕು? ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರ ದನಿ ಕೇಳಿದರೆ ಸಾಕು, ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. ಈಗ ಅವರ ಚಾಳಿ ನನಗೂ ಹತ್ತಿದೆ. ಇಲ್ಲಿ ನಡೆದದ್ದನ್ನು ನಯವಾಗಿ ಹೇಳು ಅಂದರೆ ನನ್ನಿಂದ ಆಗುವುದಿಲ್ಲ.

ಮಾವ ಯೂನಿವರ್ಸಿಟಿಯಲ್ಲಿ ಬೋರ್ಡು ಬರೆಯುವವರು. ವಿಭಾಗಗಳ ಹೆಸರು, ಹಾಸ್ಟೆಲ್ ಕೋಣೆಗಳ ನಂಬರು, 'ಹೂ ಕೀಳಬಾರದು', 'ಇಲ್ಲಿ ವಾಹನ ನಿಲ್ಲಿಸಬೇಡಿ', ಎಲ್ಲ ಅವರದೇ ಕೈ. ಹುಡುಗರು ಅವರನ್ನು ಬೋರ್ಡಜ್ಜ ಅನ್ನುತ್ತಾರೆ. ಅವರದೊಂದು ವಿಚಿತ್ರ ಅಭ್ಯಾಸ. ಬೋರ್ಡನ್ನು ಕೊನೆಯ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ ಬರುತ್ತಾರೆ. ಮೊದಲ ಅಕ್ಷರ ಕಟ್ಟಕಡೆಗೆ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಒತ್ತು, ದೀರ್ಘ ಎಲ್ಲಾ ಎಷ್ಟು ಜಾಗ ತಿನ್ನುತ್ವೆ ಅಂತ ಮೊದಲೇ ಗೊತ್ತಾಗಲ್ಲಮ್ಮ. ಮೊದಲಕ್ಷರ ಅಂದ್ರೆ ದೊಡ್ಡ ಮನುಷ್ಯ. ಉಳಿದವರೆಲ್ಲಾ ಸರಿದು ಕೂತ ಮೇಲೆ ಅವನಿಗೆ ಕುರ್ಚಿ ಹಾಕ್ಬೇಕು" ಅಂದಿದ್ದರು.

ಹೀಗಾಗಿಯೇ ನಾನು ಕೆಲಸ ಮಾಡುವ ರಸಾಯನ ಶಾಸ್ತ್ರದ ಲ್ಯಾಬು ಒಂದು ಮಧ್ಯಾಹ್ನ, ಮಾವ ಊಟಕ್ಕೆ ಹೋದ ಹೊತ್ತಿನಲ್ಲಿ, 'ಸಾಯನ ಶಾಸ್ತ್ರ'ವಾಗಿ ನಿಂತಿತ್ತು. ಪರೀಕ್ಷೆಗೆ ಬಂದಿದ್ದ ಹುಡುಗರು, "ಇದೇ ಸರಿಯಾಗಿದೆ ಅಜ್ಜ, ಹೀಗೇ ಬಿಟ್ಬಿಡಿ" ಎಂದು ಬಿದ್ದು ಬಿದ್ದು ನಕ್ಕಿದ್ದರು.

ನಮ್ಮದು ಕೆಲಸಗಾರರ ಸಾಲುಮನೆಗಳಲ್ಲಿ ಒಂದು. ಮುಖ್ಯ ಗೇಟಿನಿಂದ ಸಭಾಂಗಣಕ್ಕೆ ಹೋಗುವ ರಸ್ತೆಗೆ ಬಾಗಿಲು ತೆರೆಯುತ್ತದೆ. ಒಳಗೆ ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿ ಇರುವುದು ಹಿಂದಿನ ಗೋಡೆಗೆ, ಅದರಾಚೆ ಜನರೇಟರ್ ಶೆಡ್ಡು. ಬೆಳಕು ಬೇಕು, ಗಾಳಿ ಬೇಕು ಅಂದರೆ ಮುಂಬಾಗಿಲೇ ಗತಿ. ಆ ಬಾಗಿಲಲ್ಲಿ ನನ್ನ ಅತ್ತೆ ಕೂರುತ್ತಾರೆ. ಲಕ್ವ ಹೊಡೆದು ಅವರ ಎರಡೂ ಕಾಲು ಹೋಗಿವೆ. ಬೆಳಿಗ್ಗೆ ಮಾವ ಅವರನ್ನು ಎತ್ತಿಕೊಂಡು ಬಂದು ಬಾಗಿಲ ಬಳಿಯ ತಗ್ಗು ಕುರ್ಚಿಯಲ್ಲಿ ಕೂರಿಸಿ ಕೆಲಸಕ್ಕೆ ಹೋಗುತ್ತಾರೆ. ಜಗತ್ತನ್ನೇ ಬೈದುಕೊಂಡು ಓಡಾಡುವ ಮನುಷ್ಯ ಹೆಂಡತಿಯನ್ನು ಎತ್ತುವಾಗ ಮಾತ್ರ ಒಂದು ಮಾತೂ ಆಡುವುದಿಲ್ಲ.

ಅತ್ತೆಗೆ ಅಲ್ಲಿ ಕೂತರೆ ಹೊತ್ತು ಹೋಗುವುದೇ ತಿಳಿಯದು. ಯಾವ ಹುಡುಗಿ ಯಾವ ಹುಡುಗನ ಜೊತೆ ಮಾತು ಬಿಟ್ಟಿದ್ದಾಳೆ, ಯಾವ ಮೇಷ್ಟ್ರು ತಡವಾಗಿ ಬಂದರು, ಎಲ್ಲ ಅವರಿಗೆ ಗೊತ್ತು. ಇವತ್ತು ಮಳೆ ಬರುತ್ತಾ ಅಜ್ಜಿ, ಕೊಡೆ ತರಬೇಕಾ ಎಂದು ಹುಡುಗರು ಕೇಳುತ್ತಾರೆ. ಬೇಡ ಹೋಗು ಅನ್ನುತ್ತಾರೆ ಅತ್ತೆ. ಸಂಜೆ ಅವರೆಲ್ಲ ತೊಯ್ದು ತೊಪ್ಪೆಯಾಗಿ ಬಂದು ಜಗಳ ತೆಗೆಯುತ್ತಾರೆ. ಅತ್ತೆಗೆ ಅದೇ ಬೇಕು.

ಯೂನಿವರ್ಸಿಟಿಗೆ ಎಪ್ಪತ್ತೈದು ತುಂಬಿತೆಂದು ಅಮೃತ ಮಹೋತ್ಸವ ನಿಗದಿಯಾಯಿತು. ಗೋಡೆಗಳಿಗೆಲ್ಲ ಸುಣ್ಣ, ಕಂಬಗಳಿಗೆಲ್ಲ ಬಣ್ಣ. ಒಣಗಿದ ಹುಲ್ಲಿಗೂ ಹಸಿರು ಬಣ್ಣ ಹೊಡೆಯಲು ಆಗುತ್ತದಾ ಎಂದು ತೋಟದ ಮೇಲ್ವಿಚಾರಕ ಮಾವನನ್ನು ಕೇಳಿದ್ದನಂತೆ. ನಿನ್ನ ತಲೆಗೆ ಹೊಡೀತೀನಿ ಬಾ ಅಂದರಂತೆ ಮಾವ. ಮುಖ್ಯ ಗೇಟಿನ ಕಮಾನಿನ ಮೇಲೆ 'ಅಮೃತ ಮಹೋತ್ಸವ' ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಯುವ ಕೆಲಸ ಮಾತ್ರ ಅವರಿಗೆ ಹಿಡಿಸಿತ್ತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಏಣಿ ಹತ್ತಿದವರು ಯಾರ ಗೊಡವೆಗೂ ಹೋಗದೆ ಬರೆಯುತ್ತಿದ್ದರು.

ನಾನು ಮಧ್ಯಾಹ್ನ ಅತ್ತೆಗೆ ಊಟ ಕೊಡಲು ಬಂದಾಗ ಮನೆ ಮುಂದೆ ಕಬ್ಬಿಣದ ಕಂಬ ನಿಲ್ಲಿಸುತ್ತಿದ್ದರು. ಹೊಸ್ತಿಲಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನೋಡನೋಡುತ್ತಿದ್ದಂತೆ ಇಡೀ ಸಾಲುಮನೆಗಳ ಉದ್ದಕ್ಕೂ, ಮಾಡಿಗಿಂತ ಎತ್ತರಕ್ಕೆ, ಫ್ಲೆಕ್ಸಿನ ಪರದೆ ಎದ್ದಿತು. ರಸ್ತೆಯ ಕಡೆಗೆ ಅದರಲ್ಲಿ ಕಾರಂಜಿ, ಹಂಸ, ಹಸಿರು ಹುಲ್ಲು, ನಗುವ ಕುಲಪತಿಗಳು. ಆ ಕಾರಂಜಿ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಪಾಲಿಗೆ ಕಂಡದ್ದು ಅದರ ಬಿಳಿ ಬೆನ್ನು ಮಾತ್ರ. ಆಚೀಚೆ ಮನೆಯವರು ಗೊಣಗಿಕೊಂಡು, ಪರದೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನಡೆದು ಹೊರಗೆ ಹೋದರು. ಅವರಿಗೆ ಕಾಲಿತ್ತು.

"ಏನೇ ಇದು, ಇಷ್ಟು ಬೇಗ ಕತ್ತಲಾಯ್ತು?" ಅಂದರು ಅತ್ತೆ.

ತಟ್ಟೆ ಅಲ್ಲೇ ಇಟ್ಟು ಗೇಟಿಗೆ ಓಡಿದೆ.

"ಮಾವ, ಅತ್ತೆ ಮುಂದೆ ಪರದೆ ಕಟ್ಟಿದಾರೆ. ಬಾಗಿಲು ಮುಚ್ಚೋಯ್ತು."

ಮಾವ ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿಟ್ಟು ಏಣಿ ಇಳಿದರು. ರಸ್ತೆಯಲ್ಲೇ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ ರಿಜಿಸ್ಟ್ರಾರ್ ಹತ್ತಿರ ನೇರ ಹೋದರು.

"ಸಾರ್, ನನ್ನ ಮನೆ ಬಾಗಿಲಿನಷ್ಟು ಜಾಗ ಬಿಡಿಸಿ. ನನ್ನ ಹೆಂಡ್ತಿ ಅಲ್ಲಿ ಕೂರ್ತಾಳೆ."

"ಒಂದೆರಡು ದಿನ ಒಳಗೆ ಕೂರಲಿ ಬಿಡಯ್ಯಾ. ಅತಿಥಿಗಳು ಇದೇ ರಸ್ತೇಲಿ ಮೆರವಣಿಗೆ ಬರ್ತಾರೆ. ಒಣಹಾಕಿದ ಬಟ್ಟೆ, ಬಕೆಟ್ಟು, ಇವನ್ನೆಲ್ಲಾ ಅವರಿಗೆ ತೋರಿಸ್ಬೇಕಾ?"

"ಬಟ್ಟೆ ತೆಗೀತೀನಿ. ಬಕೆಟ್ ತೆಗೀತೀನಿ. ಅವಳನ್ನ ಎಲ್ಲಿ ತೆಗೆದಿಡ್ಲಿ?"

"ಸುಮ್ನೆ ತಲೆ ತಿನ್ಬೇಡ. ಹೋಗಿ ಬೋರ್ಡ್ ಮುಗಿಸು."

"ಪರದೆ ಇಳೀಲಿ. ಆಮೇಲೆ ನಾನು ಹತ್ತುತ್ತೀನಿ" ಅಂದು ಮಾವ ಮನೆಗೆ ಬಂದುಬಿಟ್ಟರು.

ಅಲ್ಲಿಯವರೆಗೆ ಯಾರೂ ತಲೆಯೆತ್ತಿ ಕಮಾನು ನೋಡಿರಲಿಲ್ಲ. ಮೊದಲು ನೋಡಿದವರು ಹುಡುಗರು. ಮಾವ 'ವ'ದಿಂದ ಹಿಂದಕ್ಕೆ ಬರುತ್ತಾ 'ಮೃ' ಮುಗಿಸಿದ್ದರು, 'ಅ' ಒಂದು ಬಾಕಿ ಇತ್ತು. ಯೂನಿವರ್ಸಿಟಿಯ ಹೆಸರಿನ ಕೆಳಗೆ ಕೆಂಪು ಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು: ಮೃತ ಮಹೋತ್ಸವ. ಸಂಜೆಯೊಳಗೆ ಆ ಫೋಟೋ ಇಲ್ಲದ ಫೋನಿರಲಿಲ್ಲ. ಸತ್ತವರು ಯಾರು, ಊಟ ಎಷ್ಟು ಗಂಟೆಗೆ ಎಂದು ಹಳೇ ವಿದ್ಯಾರ್ಥಿಗಳು ಕಚೇರಿಗೆ ಫೋನ್ ಮಾಡಿ ಕೇಳತೊಡಗಿದರು. ಬೇಕೆಂದೇ ಮಾಡಿದ್ದಾನೆ ಎಂದು ಕಚೇರಿಯವರು ಹಲ್ಲು ಕಡಿದರು. ಬೇಕೆಂದು ಮಾಡಿದ್ದಲ್ಲ, ಅವರು ಬರೆಯುವುದೇ ಹಾಗೆ ಎಂದು ನಾನು ಹೇಳಿದರೆ ಕೇಳುವವರಾರು?

ರಿಜಿಸ್ಟ್ರಾರ್ ತಾವೇ ಮನೆಗೆ ಬಂದರು. ಬರಲೇಬೇಕಾಯಿತು. ಕೋಟು ಹಾಕಿಕೊಂಡು ಆ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ಬರುವಾಗ ನಮ್ಮ ಗೋಡೆಯ ಸುಣ್ಣವೆಲ್ಲ ಅವರ ಬೆನ್ನಿಗೆ ಮೆತ್ತಿತ್ತು. ಆ ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

"ಯಾರಪ್ಪಾ? ಮುಖ ಕಾಣ್ತಿಲ್ಲ" ಅಂದರು ಅತ್ತೆ.

"ನಾನಮ್ಮ, ರಿಜಿಸ್ಟ್ರಾರು. ನಿಮ್ಮ ಯಜಮಾನ್ರಿಗೆ ಸ್ವಲ್ಪ ಬುದ್ಧಿ ಹೇಳಿ. ಒಂದಕ್ಷರ ಬರೆಯೋಕೆ ಇಷ್ಟು ಹಟ ಯಾಕೆ?"

"ಒಂದು ಬಾಗಿಲು ಬಿಡೋಕೆ ನಿಮಗ್ಯಾಕಪ್ಪಾ ಇಷ್ಟು ಹಟ?" ಅಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು.

ರಿಜಿಸ್ಟ್ರಾರ್ ಬಂದ ಹಾಗೆಯೇ ಅಡ್ಡಡ್ಡ ವಾಪಸು ಹೋದರು. ಸ್ವಲ್ಪ ಹೊತ್ತಿಗೆಲ್ಲ ಕಮಾನಿನ ಮೇಲೆ ಒಂದು ದೊಡ್ಡ ಫ್ಲೆಕ್ಸು ಬಂತು, 'ಎಪ್ಪತ್ತೈದರ ಸಂಭ್ರಮ' ಎಂದು. ಮಾವನ ಅಕ್ಷರಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋದವು. ಅವರ ಕೈಯಲ್ಲಿದ್ದ ಒಂದೇ ಒಂದು ಹಿಡಿತವೂ ತಪ್ಪಿತು. ಹಬ್ಬ ಯಾರನ್ನೂ ಕಾಯುವಂತಿರಲಿಲ್ಲ, ನಮ್ಮ ಬಾಗಿಲು ಮುಚ್ಚಿಯೇ ಇತ್ತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಅತ್ತೆಯನ್ನು ಎತ್ತಿ ತಂದು ಕೂರಿಸುವ ಮೊದಲು ಮಾವ ತಾವೇ ಆ ತಗ್ಗು ಕುರ್ಚಿಯಲ್ಲಿ ಕೂತರು. ಕಣ್ಣಿನ ಮಟ್ಟಕ್ಕೆ ಪರದೆಯ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿದರು. ಅಕ್ಷರದ ಅಚ್ಚು ಕೊರೆಯುವ ಚಾಕು ತೆಗೆದು, ಒಂದು ಚೌಕ ಕತ್ತರಿಸಿ ತೆಗೆದರು. ಹರಿದು ಬಿಸಾಡುವಷ್ಟು ಕೋಪವಿತ್ತು, ಆದರೆ ಸೊಟ್ಟ ಕೆಲಸ ಮಾಡಲು ಆ ಕೈಗೆ ಬರುವುದಿಲ್ಲ. ಅಂಚನ್ನು ಹಿಂದಕ್ಕೆ ಮಡಿಚಿ ಟೇಪು ಹಾಕಿದರು. ಆಮೇಲೆ ಹೊರಗಿನಿಂದ ಸುತ್ತಲೂ ನೀಲಿ ಬಣ್ಣದ ಪಟ್ಟಿ ಎಳೆದರು. ಅದನ್ನು ಯಾಕೆ ಎಳೆದರೋ ಅವರಿಗೇ ಗೊತ್ತು. ಕುರ್ಚಿಯನ್ನು ಹೊಸ್ತಿಲಂಚಿಗೆ ಸರಿಸಿ ಅತ್ತೆಯನ್ನು ತಂದು ಕೂರಿಸಿದರು. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆ ಚೌಕದಿಂದ ಮುಖ ತೂರಿಸಿ ರಸ್ತೆ ನೋಡಿದರು. ಆಚೆ ಕಡೆಯಿಂದ ನೋಡಿದರೆ ಕಾರಂಜಿಯ ಪಕ್ಕದಲ್ಲಿ ಒಂದು ಅಜ್ಜಿಯ ಮುಖ.

"ಬಂದ್ರು ಬಂದ್ರು!" ಎಂದು ಅತ್ತೆಯೇ ಮೊದಲು ಕೂಗಿದ್ದು. ಮೆರವಣಿಗೆ ಬಂತು. ಬ್ಯಾಂಡು, ನಿಲುವಂಗಿ ತೊಟ್ಟ ಪ್ರೊಫೆಸರುಗಳು, ನಡುವೆ ಕುಲಪತಿಗಳು, ಅವರ ಪಕ್ಕದಲ್ಲಿ ಮುಖ್ಯ ಅತಿಥಿ. ಅತಿಥಿ ಇಲ್ಲೇ ಓದಿ ಎಲ್ಲೋ ದೊಡ್ಡ ಹುದ್ದೆಗೇರಿದ ಹೆಂಗಸು. ನಾನೂ ಮಾವನೂ ಪರದೆಯ ಕೊನೆಯಲ್ಲಿ, ರಸ್ತೆ ಬದಿಗೆ ನಿಂತಿದ್ದೆವು. ಅತಿಥಿಯ ಕಣ್ಣು ಚೌಕದ ಮೇಲೆ ಬಿತ್ತು. ನಿಂತರು.

"ಅಯ್ಯೋ, ಎಷ್ಟು ಚೆನ್ನಾಗಿದೆ! ಚಿತ್ರದೊಳಗೆ ನಿಜವಾದ ಮುಖ! ಯಾರ ಐಡಿಯಾ ಇದು?"

ರಿಜಿಸ್ಟ್ರಾರ್ ಮುಖದಲ್ಲಿ ಒಂದು ಗಳಿಗೆ ರಕ್ತವಿರಲಿಲ್ಲ. ಆಮೇಲೆ ನಕ್ಕರು.

"ನಮ್ಮ ಲಲಿತಕಲಾ ವಿಭಾಗದ್ದು ಮೇಡಂ. ಹಳೇ ದಿನಗಳ ನೆನಪಿಗೆ ಅಂತ ಒಂದು ಪ್ರದರ್ಶನ."

ಯಾರೋ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು. "ಅಜ್ಜಿ, ಇತ್ಲಾಗೆ ನೋಡಿ. ಸ್ವಲ್ಪ ನಗಿ" ಎಂದು ಒಬ್ಬ ಪ್ರೊಫೆಸರು ಕೂಗಿದ. ಅಷ್ಟೊಂದು ಜನ ತನ್ನನ್ನೇ ದಿಟ್ಟಿಸುವುದು ಕಂಡು ಅತ್ತೆಯ ನಗು ಮಾಯವಾಯಿತು. ಮುಖಕ್ಕೆ ಕೈ ಅಡ್ಡ ಹಿಡಿದರು. ಅದಕ್ಕೂ ಚಪ್ಪಾಳೆ ಬಿತ್ತು.

ನನ್ನ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಮಾವ ಮುನ್ನುಗ್ಗಿದ್ದರು. ಬ್ಯಾಂಡಿನವರೂ ಬಾರಿಸುವುದು ನಿಲ್ಲಿಸುವಂಥ ದನಿ.

"ಪ್ರದರ್ಶನ ಅಲ್ಲ ಕಣ್ರೀ ಅದು! ನನ್ನ ಹೆಂಡ್ತಿ!"

ಬ್ಯಾಂಡು ನಿಂತಿತು. ಅತಿಥಿ ಮಾವನನ್ನು ನೋಡಿದರು, ಚೌಕವನ್ನು ನೋಡಿದರು, ರಿಜಿಸ್ಟ್ರಾರನ್ನು ನೋಡಿದರು.

"ಇದರ ಹಿಂದೆ ಮನೆ ಇದೆಯಾ?"

ಉತ್ತರ ಬಂದದ್ದು ಚೌಕದಿಂದ.

"ಇದೆ ತಾಯಿ. ಬನ್ನಿ ಅಂತ ಕರೆಯೋಣ ಅಂದ್ರೆ ಬಾಗಿಲನ್ನ ಇವರು ಮುಚ್ಚಿದಾರೆ."

ರಿಜಿಸ್ಟ್ರಾರ್ ಮಾವನ ತೋಳು ಹಿಡಿದು, ಹಲ್ಲು ಕಚ್ಚಿಕೊಂಡು, ಮೆಲ್ಲಗೆ, ಆದರೆ ನನಗೂ ಕೇಳಿಸುವಂತೆ ಹೇಳಿದರು: "ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಬರಲ್ಲ ಬಿಡಿ" ಅಂದರು ಮಾವ. ತೋಳು ಬಿಡಿಸಿಕೊಂಡು ಜೇಬಿನಿಂದ ಚಾಕು ತೆಗೆದರು. ಕಾವಲಿನವರು ಓಡಿಬಂದರು, ಅಷ್ಟರಲ್ಲಿ ಚಾಕು ಪರದೆಯಲ್ಲಿ ಇಳಿದಿತ್ತು. ಚೌಕದ ಈಚೆಗೆ ತಲೆಯೆತ್ತರದಿಂದ ನೆಲದವರೆಗೆ ಒಮ್ಮೆ, ಆಚೆ ಪಕ್ಕದಲ್ಲಿ ಇನ್ನೊಮ್ಮೆ. ಈ ಸಲ ನೇರಕ್ಕೆ ಬಂದಿತೇ ಇಲ್ಲವೇ ಎಂದು ಅವರು ನೋಡಲಿಲ್ಲ. ನಾನೂ ಕೈಹಾಕಿ ಎಳೆದೆ. ಕಾರಂಜಿ ಹರಿದು ರಸ್ತೆಗೆ ಬಿತ್ತು. ಮನೆ ಕಂಡಿತು. ಬಕೆಟ್ಟು, ಒಲೆ, ಗೋಡೆಗೆ ಒರಗಿಸಿಟ್ಟ ಹಾಸಿಗೆ, ಬಾಗಿಲಲ್ಲಿ ಕೂತ ಅತ್ತೆ, ಅವರ ಸಣಕಲು ಕಾಲು.

ಬಿಸಿಲಿಗೆ ಅತ್ತೆ ಕಣ್ಣು ಕಿರಿದು ಮಾಡಿಕೊಂಡರು. ಅಷ್ಟು ಜನ ಮನೆಯೆದುರು ನಿಂತಿದ್ದಾರೆ. ಬಂದವರನ್ನು ಕರೆಯದೆ ಇರುವುದು ಅವರಿಂದ ಯಾವತ್ತೂ ಆಗಿಲ್ಲ.

"ಬನ್ನಿ, ಬನ್ನಿ, ಒಳಗೆ ಬನ್ನಿ" ಅಂದರು.

ಯಾರೋ ಗಡಿಯಾರ ನೋಡಿಕೊಂಡರು. ಸಭೆಗೆ ಹೊತ್ತಾಯಿತು ಎಂದು ಕುಲಪತಿಗಳು ಅತಿಥಿಯ ಕಿವಿಯಲ್ಲಿ ಹೇಳಿದರು. ಬ್ಯಾಂಡು ಮತ್ತೆ ಶುರುವಾಯಿತು. ಒಬ್ಬರೂ ಒಳಗೆ ಬರಲಿಲ್ಲ.