ಮುಳ್ಳು ತೆಗೆಯುತ್ತಿದ್ದವಳು

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಮುಳ್ಳಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ತಳ್ಳುಗಾಡಿಯಲ್ಲಿ ಮೀನು ಮಾರಿದ ನನ್ನ ಗೆಳತಿ ಹೋದ ತಿಂಗಳು ಎದೆನೋವಿನಿಂದ ತೀರಿಕೊಂಡಳು.

ಮನೆಯಲ್ಲಿ ಮೀನು ಬೇಯುವುದಕ್ಕೆ ಬೆಲೆಗಿಂತ ಮುಳ್ಳು ತೆಗೆಯುವವರು ಮುಖ್ಯ ಎಂದು ಅವಳಿಗೆ ಗೊತ್ತಿತ್ತು. "ಪುಟ್ಟ ಮಕ್ಕಳಿರೋ ಮನೇಲಿ ತಾಯಂದ್ರು ಹೆದರ್ತಾರೆ ಟೀಚರೇ. ಮುಳ್ಳು ನಾನೇ ತೆಗೆದುಕೊಟ್ರೆ ವಾರಕ್ಕೆ ಎರಡು ಸಲ ತಗೊಳ್ತಾರೆ" ಎನ್ನುತ್ತಿದ್ದಳು. ಅಂಥ ಮನೆಗಳ ಮೀನನ್ನು ಸೀಳಿ, ಬೆರಳಿನಿಂದ ಸವರಿ, ಚಿಮಟದಿಂದ ಒಂದೊಂದೇ ಮುಳ್ಳು ಕೀಳುತ್ತಿದ್ದಳು. ನಾನು ಅವಸರ ಮಾಡಿದರೆ, "ನೀವು ಪಾಠ ಮಾಡುವಾಗ ನಾನು ಬಂದು ಗಂಟೆ ಹೊಡೀತೀನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ದಿನ ಅವಳು ಕೊಟ್ಟ ಮೀನು ಮಧ್ಯಾಹ್ನಕ್ಕೇ ಖಾಲಿಯಾಯಿತು. ಸಂಜೆ ಮೊಮ್ಮಗ ಇನ್ನೂ ಬೇಕೆಂದು ಹಟ ಹಿಡಿದ. ಮುಳ್ಳಿಲ್ಲವೆಂದು ಬರೆದಿದ್ದ ಪ್ಯಾಕೆಟ್ಟನ್ನು ಅಂಗಡಿಯಿಂದ ತಂದು ಹುರಿದುಕೊಟ್ಟೆ. ಮಗುವಿನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು, ಆಸ್ಪತ್ರೆಯಲ್ಲಿ ತೆಗೆಸಿದೆವು. ಪ್ಯಾಕೆಟ್ ಮೀನು ತರಲೇಬೇಡಿ ಎಂದು ಸೊಸೆ ಮೊದಲೇ ಹೇಳಿದ್ದಳು. "ಯಾವ ಮೀನು ಅತ್ತೆ ಅದು?" ಎಂದಾಗ ಅವಳ ಬಾಯಿಗೆ ಹೆದರಿ, "ಬೆಳಗ್ಗೆ ಮುಳ್ಳಕ್ಕ ಕೊಟ್ಟಿದ್ದು" ಎಂದುಬಿಟ್ಟೆ.

ಮರುದಿನ ಬೀದಿಗೆಲ್ಲ ಸುದ್ದಿ. ಮುಳ್ಳಕ್ಕ ಒಳಗೆ ಬಂದು ಮಗುವಿನ ಬಾಯಿ ತೆರೆಸಿ ನೋಡಿದಳು. "ನನ್ನ ಬೆರಳೇ ನನಗೆ ಮೋಸ ಮಾಡ್ತು ಟೀಚರೇ" ಎಂದಳು. ನಾನು ಕುಡಿಯಲು ನೀರು ಕೊಟ್ಟೆ, ಅಷ್ಟೆ.

ಆಮೇಲೆ ಅವಳು ಚಿಕ್ಕ ಮಕ್ಕಳಿರುವ ಮನೆಗಳಿಗೆ ಮೀನು ಕೊಡಲಿಲ್ಲ. ಕರೆದು ಕೇಳಿದವರಿಗೂ, "ಮಕ್ಕಳು ದೊಡ್ಡವರಾಗ್ಲಿ ತಾಯಿ" ಎಂದು ಗಾಡಿ ಮುಂದೆ ತಳ್ಳುತ್ತಿದ್ದಳು. ಬೇರೆಯವರ ಮೀನು ನಂಬಲು ಆ ತಾಯಂದಿರಿಗೆ ಧೈರ್ಯವಿರಲಿಲ್ಲ. ನಮ್ಮದೂ ಸೇರಿ ಹನ್ನೊಂದು ಮನೆಗಳಲ್ಲಿ ಮೀನು ನಿಂತೇಹೋಯಿತು. ನಮ್ಮ ಮನೆಗೆ ಬರುವುದನ್ನು ಮಾತ್ರ ಅವಳು ಬಿಡಲಿಲ್ಲ. ಬರಿಗೈಯಲ್ಲಿ ಬಂದು ಹರಟುತ್ತಿದ್ದಳು. ಪ್ರತಿಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ.

ಈಗ ಗಾಡಿ ತಳ್ಳುವವಳು ಅವಳ ಮಗಳು. ಅವಳೂ ಆ ಮನೆಗಳನ್ನು ದಾಟಿಹೋಗುವುದನ್ನು ನೋಡಲಾಗದೆ ನಿನ್ನೆ ಎಲ್ಲವನ್ನೂ ಹೇಳಿದೆ. ಹುಡುಗಿ ತಕ್ಕಡಿ ಕೆಳಗಿಟ್ಟಳು.

"ಅಮ್ಮ ಇದ್ದಾಗ ಹೇಳಿದ್ರೆ ನಾಲ್ಕು ಬೈದು ಸುಮ್ಮನಾಗ್ತಿದ್ಳು. ಕೊನೇ ತನಕ ತನ್ನ ಕೈನೇ ನಂಬ್ಲಿಲ್ಲ ಅವ್ಳು. ಈಗ ನನಗೆ ಹೇಳಿ ಏನು ಬಂತು? ಆ ಮನೆಗಳಿಗೆ ಹೇಳಿ. ನಿಮ್ಮ ಸೊಸೆಯಿಂದ್ಲೇ ಶುರು ಮಾಡಿ."

ಸೊಸೆ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲೇ ನಿಂತು, "ಅವತ್ತಿನ ಮೀನು ಮುಳ್ಳಕ್ಕನದ್ದಲ್ಲ ಕಣಮ್ಮ, ನಾನು ತಂದ ಪ್ಯಾಕೆಟ್ಟು" ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದೆ.