ಕ್ರ್ಯಾಂಕಿಗೆ ಇಟ್ಟ ಕುಂಕುಮ

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುವವಳೇ: ಆಂಜಿನಪ್ಪ! ಎಪ್ಪತ್ತರ ದಶಕದಲ್ಲಿ ಪೀಣ್ಯದ ಶೆಡ್ಡೊಂದರಲ್ಲಿ ಕಾರುಗಳ ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗ್ ಮಾಡುತ್ತಿದ್ದರು. ಎಂಜಿನ್ನಿನೊಳಗೆ ತಿರುಗಿ ಗಾಡಿ ಓಡಿಸುವ ಭಾರದ ಕಬ್ಬಿಣ ಅದು.

ನನ್ನ ತಮ್ಮ ಶ್ಯಾಮಣ್ಣನಿಗೆ ತನ್ನ ಫಿಯೆಟ್ ಟ್ಯಾಕ್ಸಿಯನ್ನು ಶೋಲಾವರಂ ರೇಸಿನಲ್ಲಿ ಓಡಿಸುವ ಹುಚ್ಚು. "ಬಾವ, ಕ್ರ್ಯಾಂಕ್ ತೂಕ ಇಳಿಸ್ಕೊಡಿ, ಸಕ್ಕತ್ತಾಗಿ ಓಡುತ್ತೆ" ಎಂದು ದುಂಬಾಲು ಬಿದ್ದ. ನನಗೆ ಮೈಯೆಲ್ಲ ಉರಿಯಿತು. ಅಷ್ಟು ವೇಗದಲ್ಲಿ ಅದು ಮುರಿದರೆ ತಮ್ಮ ಉಳಿಯುತ್ತಾನೆಯೇ?

"ಬೇಕಾ ಇದೆಲ್ಲ?" ಎಂದು ಗಂಡನನ್ನೇ ಕೇಳಿದೆ.

"ಟ್ಯಾಕ್ಸಿಗಾದ್ರೆ ದಂಡ ಕಣೆ. ನಿಧಾನಕ್ಕೋಗುವಾಗ ಎಂಜಿನ್ ಒದ್ದಾಡ್ತದೆ. ರೇಸಿಗಾದ್ರೆ ಬೇಕು. ಆದ್ರೆ ಒಂದ್ಕಡೆ ಒಂಚೂರು ಭಾರ ಜಾಸ್ತಿ ಉಳಿದ್ರೂ ಕಿತ್ಕೊಂಡೋಯ್ತದೆ."

ಹಳೆಯ ಕ್ರ್ಯಾಂಕೊಂದನ್ನು ತಂದು ಸವೆಸಿದರು, ಪಾಲಿಶ್ ಹಾಕಿದರು. ಎರಡು ಪಟ್ಟಿಗಳ ಮೇಲೆ ಮಲಗಿಸಿ ಬೆರಳಲ್ಲಿ ತಿರುಗಿಸುವರು. ಭಾರದ ಕಡೆ ಕೆಳಕ್ಕೆ ಹೊರಳಿದರೆ ಅಲ್ಲಿ ಇನ್ನಷ್ಟು ಕೊರೆಯುವರು. ಕೊನೆಗೆ, ಅಬ್ಬಾ, ಅಷ್ಟು ದೊಡ್ಡ ಕಬ್ಬಿಣ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು! ಊಟಕ್ಕೆ ಕರೆಯಲು ಹೋದವಳು ಅದನ್ನೇ ನೋಡುತ್ತ ನಿಂತುಬಿಟ್ಟೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮತ್ತೆ ವೆಂಕಟಮ್ಮ ಎಲ್ಲ ಸಾಮಾನಿನ ಜೊತೆ ಕ್ರ್ಯಾಂಕಿಗೂ ಪೂಜೆ ಮಾಡಿದರು. ಅದರ ಮೈಮೇಲಿದ್ದ ಪುಟ್ಟ ತೂತುಗಳು ಬೊಟ್ಟಿಗೆ ಹೇಳಿ ಮಾಡಿಸಿದ ಹಾಗಿದ್ದವು. ಕಲಸಿದ ಕುಂಕುಮವನ್ನು ಒಂದೊಂದಕ್ಕೂ ಒತ್ತಿದರು.

ಮಾರನೆಯ ದಿನ ಎಂಜಿನ್ನಿಗೆ ಕೂರಿಸುವ ಮುಂಚೆ ಇವರು ತಮ್ಮ ರೂಢಿಯಂತೆ ಒಂದು ತೂತಿಗೆ ಬಾಯಿಟ್ಟು ಊದಿದರು. ಉಸಿರು ದಾಟಲಿಲ್ಲ. ತಂತಿ ಹಾಕಿ ಎಳೆದರೆ ಕುಂಕುಮದ ಗಂಟು.

"ಎಣ್ಣೆ ಓಗೋ ದಾರಿ ಇದು. ಇಂಗೇ ಕೂರಿಸಿದ್ರೆ ಅರ್ಧ ರೇಸಲ್ಲೇ ಎಂಜಿನ್ ಇಡ್ಕೊಂಡು ಚಕ್ರ ನಿಂತ್ಬಿಡೋದು" ಎಂದರು.

"ಅಯ್ಯೋ, ಆ ಮಗೀನ ಪ್ರಾಣ ತೆಗೀತಿದ್ನಲ್ಲಪ್ಪಾ!" ಎಂದು ಅತ್ತೆ ತಲೆ ಮೇಲೆ ಕೈಹೊತ್ತರು. ಇವರು ಬೈಯಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, "ಅವ್ವಾ, ಆ ಕಡೆ ತೂತಿಗೆ ಕೈ ಇಡು" ಎಂದು ಊದಿದರು.

"ಬಂತು ಕಣ್ಲಾ, ಗಾಳಿ ಬಂತು!"

ಒಂದು ತೂತನ್ನೂ ಬಿಡದೆ ಮಗ ಊದಿದ, ತಾಯಿ ಅಂಗೈ ಇಟ್ಟು ನೋಡಿದಳು.

ಶೋಲಾವರಂಗೆ ದಾರಿಯುದ್ದಕ್ಕೂ ಗಂಡನನ್ನೂ ತಮ್ಮನನ್ನೂ ಬೈಯುತ್ತಲೇ ಹೋದೆ. ಶ್ಯಾಮ ಗೆಲ್ಲಲಿಲ್ಲ, ನಾಲ್ಕನೆಯವನಾದ. ಆದರೆ ಆ ಫಿಯೆಟ್ ನಮ್ಮೆದುರು ಹಾದಾಗ ಎದ್ದ ಸದ್ದು! ಏರಿತು, ಇನ್ನೂ ಏರಿತು, ಎಲ್ಲೂ ನಡುಗಲಿಲ್ಲ. ನನಗೆ ರೋಮಾಂಚನವಾಯಿತು. ಬೇಡ ಬೇಡ ಎಂದು ಬಾಯಿ ಬಡಿದುಕೊಂಡಿದ್ದ ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇನ್ನೂ ಒತ್ತೋ ಶ್ಯಾಮ, ಒತ್ತೋ!" ಎಂದು ಕಿರುಚುತ್ತಿದ್ದೆ.