ಹಾವಸೆ ಹೂ ಬಿಟ್ಟಿತೆಂದು ಕೂಗಿದವಳು ನಾನು

ನಮ್ಮಪ್ಪನ ಸಿಟ್ಟು ಧಾರವಾಡದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಸಾಲೆಯ ಮಾಸ್ತರ. ಸಾಲೆಯಲ್ಲಿ ಬೆತ್ತ ಮುರಿದು ಬರುತ್ತಿದ್ದ, ಮನೆಗೆ ಬಂದು ಉಳಿದದ್ದನ್ನು ಮುರಿಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಗೋಡೆಗೆ ಹಾರುತ್ತಿತ್ತು. ಒಮ್ಮೆ ಅವ್ವನ ಮಣಿಕಟ್ಟು ಮುರಿದದ್ದು ಸರಿಯಾಗಿ ಕೂಡಲೇ ಇಲ್ಲ. ಕೇಳಿದವರಿಗೆಲ್ಲ ಅವಳು ಬಾವಿಕಟ್ಟೆಯ ಮೇಲೆ ಜಾರಿ ಬಿದ್ದೆ ಎನ್ನುತ್ತಿದ್ದಳು. ನನಗೆ ಆ ಮನುಷ್ಯನ ಮೇಲೆ ಇವತ್ತಿಗೂ ಸಿಟ್ಟಿದೆ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುವವರು ಈ ಪುಟ ಮಗುಚಿ ಮುಂದೆ ಹೋಗಲಿ. ಆದರೆ ಇಲ್ಲಿ ಮೊದಲ ತಪ್ಪು ನನ್ನದು.

ಅಪ್ಪನ ತಂಗಿ ನಮ್ಮ ಮನೆಯಲ್ಲೇ ಇದ್ದಳು. ನಾವು ಅತ್ಯಾ ಎನ್ನುತ್ತಿದ್ದೆವು. ಅವಳ ಹನ್ನೆರಡನೆಯ ವಯಸ್ಸಿಗೇ ಗಂಡ ಸತ್ತಿದ್ದ. ಕೆಂಪು ಸೀರೆ, ಬೋಳು ತಲೆ, ಒಂದು ಹೊತ್ತಿನ ಊಟ. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲ ಬಾಗಿಲಿಗೆ ಬಂದು ತಲೆ ಬೋಳಿಸಿ ಹೋಗುತ್ತಿದ್ದ. ಹೂ ಮುಡಿಯುವ ಮಾತು ಹಾಗಿರಲಿ, ಮಲ್ಲಿಗೆ ಬಳ್ಳಿಗೆ ನೀರು ಹಾಕಲೂ ಅಜ್ಜಿ ಅವಳನ್ನು ಬಿಡುತ್ತಿರಲಿಲ್ಲ. "ನೀ ಮುಟ್ಟಬ್ಯಾಡ, ಬಳ್ಳಿ ಒಣಗ್ತದ" ಎನ್ನುತ್ತಿದ್ದಳು, ಹೆತ್ತ ಮಗಳಿಗೆ!

ಅದಕ್ಕೇ ಅತ್ಯಾ ಹಾವಸೆ, ಅಂದರೆ ಹಸಿರು ಪಾಚಿ, ಬೆಳೆಸಿದಳು. ಬಚ್ಚಲ ಹಿಂದೆ, ಬಿಸಿಲು ಬೀಳದ ಗೋಡೆಯ ಬುಡದಲ್ಲಿ, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ದೀಪ ಹಚ್ಚಿ ಹಳತಾದ ಮಣ್ಣಿನ ಪಣತಿಗಳು, ತೆಂಗಿನ ಕರಟ, ಸೀಳು ಬಿಟ್ಟ ಗಡಿಗೆ. ಹಂಚಿನ ಮೇಲಿನ ಹಾವಸೆ ಒಂದರಲ್ಲಿ, ಬಾವಿಯೊಳಗಿನದು ಇನ್ನೊಂದರಲ್ಲಿ. ಮುರಿದ ಸೌಟಿನಿಂದ ಮಣ್ಣಿನ ತೆಳು ಪದರದ ಸಮೇತ ಎಬ್ಬಿಸಿ ತಂದು, ಇಟ್ಟಂಗಿ ಪುಡಿಯ ಮೇಲೆ ಕೂಡಿಸಿ, ಅಂಗೈಯಿಂದ ಒತ್ತುತ್ತಿದ್ದಳು. ನಡುನಡುವೆ ಉಗುರಿನಷ್ಟು ಜರಿಗಿಡ. ನಮ್ಮ ಬಾವಿಯ ನೀರು ಸವಳು, ಹಾಕಿದರೆ ಬಿಳಿ ಪೊರೆ ಕಟ್ಟಿ ಹಾವಸೆ ಸುಟ್ಟು ಹೋಗುತ್ತಿತ್ತು. ಅದಕ್ಕೆ ಹಂಚಿನಿಂದ ಸೋರಿದ ಮಳೆನೀರನ್ನು ಹಿಡಿದಿಟ್ಟು, ಬೆರಳು ಅದ್ದಿ ಚಿಮುಕಿಸುತ್ತಿದ್ದಳು.

"ಇದಕ್ಕ ಹೂ ಇಲ್ಲ, ಕಾಯಿ ಇಲ್ಲ, ವಾಸನಿ ಇಲ್ಲ. ಇದನ್ನ ಯಾರೂ ಬ್ಯಾಡ ಅನ್ನಂಗಿಲ್ಲ" ಎಂದು ನಗುತ್ತಿದ್ದಳು. ಜಗತ್ತಿನಲ್ಲಿ ಅವಳದು ಎನ್ನುವುದು ಅಷ್ಟೇ ಇತ್ತು. ಅದರಲ್ಲೂ ಒಂದು ಪಣತಿ ನನಗೆ ಕೊಟ್ಟಿದ್ದಳು.

ನನಗಾಗ ಹತ್ತು ವರ್ಷ. ಶ್ರಾವಣ ಶುಕ್ರವಾರದ ಸಂಜೆ, ಅರಿಷಿಣ ಕುಂಕುಮಕ್ಕೆ ಓಣಿಯ ಮುತ್ತೈದೆಯರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಹಿತ್ತಲಿಗೆ ಹೋಗಿ ನೋಡುತ್ತೇನೆ, ಭರಣಿಯ ಹಾವಸೆಯ ಮೇಲೆಲ್ಲ ಕೂದಲೆಳೆಯಂಥ ಕೆಂಪು ಕಡ್ಡಿಗಳು ಎದ್ದಿವೆ. ಒಂದೊಂದರ ತುದಿಗೂ ಸಾಸಿವೆಗಿಂತ ಸಣ್ಣ ಮೊಗ್ಗು. ಅದು ಹೂವಲ್ಲ, ಹಾವಸೆ ತನ್ನ ಬೀಜದಂಥ ಧೂಳನ್ನು ತುಂಬಿಟ್ಟುಕೊಳ್ಳುವ ಡಬ್ಬಿ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಆಗ ಅದನ್ನು ತಿಳಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಕುಣಿಯುತ್ತ ಪಡಸಾಲೆಗೆ ಓಡಿದೆ.

"ಅತ್ಯಾನ ಭರಣ್ಯಾಗ ಹೂ ಬಿಟ್ಟಾವ! ಕೆಂಪು ಹೂ!"

ಬಳೆಗಳ ಸದ್ದು ನಿಂತಿತು. ಒಬ್ಬಾಕೆ ಬಾಯಿಗೆ ಸೆರಗು ಹಿಡಿದು, "ಅಯ್ಯ, ಮಡಿಹೆಂಗಸು ಕದ್ದು ಹೂ ಬೆಳಸೂದಂದ್ರ ಏನರೀ? ಯಾರ ಸಲುವಾಗಿ?" ಎಂದಳು. ಅಜ್ಜಿ ಎದೆ ಬಡಿದುಕೊಂಡಳು. ಬಾಗಿಲಲ್ಲಿ ಅಪ್ಪ ನಿಂತಿದ್ದ.

ಅವನು ಒನಕೆ ಎತ್ತಿಕೊಂಡು ಹಿತ್ತಲಿಗೆ ನಡೆದ. ಒಂದೇ ಪೆಟ್ಟಿಗೆ ಭರಣಿ ಸಿಡಿಯಿತು. ಪಣತಿಗಳನ್ನು ಹಿಮ್ಮಡಿಯಿಂದ ಅರೆದ. ಅತ್ಯಾ ಓಡಿ ಬಂದು ಗಡಿಗೆಯ ಮೇಲೆ ಬೋರಲು ಬಿದ್ದಳು. ಒನಕೆ ಅವಳ ಬೆನ್ನಿನ ಮೇಲೆ ಬಿತ್ತು, ಮತ್ತೆ ಬಿತ್ತು. ನಾನು ಅಪ್ಪನ ಕಾಲು ಕಚ್ಚಿದೆ. ರಕ್ತದ ರುಚಿ ಬರುವವರೆಗೂ ಬಿಡಲಿಲ್ಲ. ಅವನು ಝಾಡಿಸಿ ಒದ್ದ ಒದೆತಕ್ಕೆ ನನ್ನ ಮುಂದಿನ ಹಲ್ಲು ಹೋಯಿತು. ಆ ಸಂದು ಈಗಲೂ ಇದೆ. ಮುತ್ತೈದೆಯರು ಉಡಿ ತುಂಬಿಸಿಕೊಂಡು ಲಗುಬಗೆಯಿಂದ ಮನೆಗೆ ಹೋದರು.

ಅತ್ಯಾ ಅಳಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಹತ್ತಿರ ಹೋದರೆ ಎದ್ದು ಹೋಗುತ್ತಿದ್ದಳು. ನನಗೆ ಅಪ್ಪನ ಒದೆತಕ್ಕಿಂತ ಅದೇ ಹೆಚ್ಚು ನೋವಾಯಿತು.

ಒಂಬತ್ತನೆಯ ದಿನ ಕ್ಷೌರದವನು ಬಂದ. ಅತ್ಯಾ ಯಾವಾಗಿನಂತೆ ಮಣೆಯ ಮೇಲೆ ಕೂತಳು. ಅವನು ಕತ್ತಿ ಮಸೆದು ಮುಂದೆ ಬಾಗಿದ. ಅವಳು ಸೆರಗಿನೊಳಗಿಂದ ಭರಣಿಯ ಚೂರೊಂದನ್ನು ತೆಗೆದಳು.

"ನನ್ನ ತಲಿ ಮುಟ್ಟಿದ್ರ ಸೀಳ್ತೇನಿ."

"ನಾ ಹೋಗ್ತೇನ್ರೀ ಅವ್ವಾರ" ಎಂದವನೇ ಚೀಲ ಮಡಚಿ ಓಡಿದ. ಸದ್ದು ಕೇಳಿ ಬಂದ ಅಪ್ಪ ಅವಳ ರಟ್ಟೆ ಹಿಡಿದು ಬಚ್ಚಲ ಕಲ್ಲಿನ ಮೇಲೆ ದರದರ ಎಳೆದ. ಕ್ಷೌರದವನನ್ನು ತಿರುಗಿ ಕರೆತನ್ನಿ ಎಂದು ಒದರಿದ. ಚೂರು ಒಮ್ಮೆ ಆಡಿತು. ಅಪ್ಪನ ಬಲ ಅಂಗೈ ಈ ಅಂಚಿನಿಂದ ಆ ಅಂಚಿನವರೆಗೆ ಬಿಚ್ಚಿಕೊಂಡಿತು. ಅವನು ತನ್ನ ಕೈಯನ್ನೇ ನೋಡುತ್ತ ಕೂತುಬಿಟ್ಟ.

"ಭರಣ್ಯಾಗಿಂದು ಒಡದಿ ಅಣ್ಣಾ, ಆತು" ಎಂದಳು ಅತ್ಯಾ. ಏದುಸಿರು ಬಿಡುತ್ತಿದ್ದಳು. "ಇದು ನನ್ನ ತಲಿ. ಇದರಾಗ ಏನ ಬೆಳದ್ರೂ ಬೆಳೀಲಿ."

ಕೇಳಿದವರಿಗೆ ಅಪ್ಪ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದೆ ಎಂದ. ಆ ಕೈಯಲ್ಲಿ ಮತ್ತೆ ಬೆತ್ತ ಗಟ್ಟಿಯಾಗಿ ನಿಲ್ಲಲಿಲ್ಲ. ಸಾಲೆಯ ಹುಡುಗರು ಯಾವ ಪುಣ್ಯದಿಂದ ಉಳಿದೆವೆಂದು ತಿಳಿಯದೆಯೇ ಉಳಿದರು. ಕ್ಷೌರದವನು ಮತ್ತೆ ಹಿತ್ತಲಿಗೆ ಬರಲಿಲ್ಲ. ಅಜ್ಜಿ ಅತ್ಯಾನ ಕೈಯ ನೀರು ಕುಡಿಯುವುದನ್ನೂ ಬಿಟ್ಟಳು.

ನವರಾತ್ರಿಯ ಹೊತ್ತಿಗೆ ಪಡಸಾಲೆಯಲ್ಲಿ ಮತ್ತೆ ಅದೇ ಹೆಂಗಸರು ಸೇರಿದ್ದರು. ಮಿಂದು ಬಂದ ಅತ್ಯಾ ಹಿತ್ತಲಿನಿಂದ ನನ್ನನ್ನು ಕರೆದಳು, ಎರಡು ತಿಂಗಳಲ್ಲಿ ಮೊದಲ ಸಲ. ನನ್ನ ಕೈ ಹಿಡಿದು ಸೆರಗಿನೊಳಗೆ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹೊಸದಾಗಿ ಮೊಳೆತ ಕೂದಲು ಒದ್ದೆಯಾಗಿ, ತಣ್ಣಗೆ, ಪಣತಿಯ ಹಾವಸೆಯಂತೆ ಮೆತ್ತಗಿತ್ತು. "ತಪ್ಪಾತು ಅತ್ಯಾ" ಎಂದು ನಾನು ಬಿಕ್ಕಿ ಬಿಕ್ಕಿ ಅತ್ತೆ.

ಅವಳು ಸೆರಗನ್ನು ಹೆಗಲಿಗೆ ಇಳಿಸಿದಳು.

"ಪಡಸಾಲ್ಯಾಗ ಎಲ್ಲಾರೂ ಕೂತಾರ. ಹೋಗು, ಹೇಳು."

ನಾನು ಓಡಿದೆ.